ಭೋಸರಿಯ ರವಿವಾರಗಳು

"ಎಷ್ಟು ವರ್ಷ ಅನುಭವ ಅದ?" ತಲೆ ಎತ್ತದೆಯೇ ಕೇಳಿದಳು ತ್ರಿವೇಣಿ.

"ಒಂಬತ್ತು ವರ್ಷ ಆತ್ರಿ. ಆದ್ರ ನಾ..."

"ಮಾತು ಆಮ್ಯಾಗ. ಮೊದ್ಲ ಮಷಿನ್ ನೋಡ್ರಿ."

1998ರಲ್ಲಿ ಪುಣೆ ಹತ್ತಿರದ ಭೋಸರಿಯ ಸಣ್ಣ ಪ್ಲಾಸ್ಟಿಕ್ ಕಾರ್ಖಾನೆಗಳಿಗೆ ಮಷಿನ್‌ಗೆ ಅಚ್ಚು ಕೂರಿಸಬಲ್ಲವರು ಸಿಗುತ್ತಲೇ ಇರಲಿಲ್ಲ. ಕೈ ಪಳಗಿದವರನ್ನೆಲ್ಲ ದೊಡ್ಡ ಕಂಪನಿಗಳು ಸೆಳೆದುಕೊಂಡಿದ್ದವು. ಅಪ್ಪ ತೀರಿದ ಮೇಲೆ ಕಾರ್ಖಾನೆ ನಡೆಸುತ್ತಿದ್ದ ತ್ರಿವೇಣಿಗೆ ಉಳಿದಿದ್ದವನು ಕಾಂತಪ್ಪ ಒಬ್ಬನೇ. ಅವನೂ ಜ್ವರವೆಂದು ಎರಡು ದಿನದಿಂದ ಬಂದಿರಲಿಲ್ಲ.

ಎದುರಿಗೆ ನಿಂತಿದ್ದವನು ಅಂಗಿಯ ತೋಳು ಮಡಚಿದ. ಬಿಸಿ ಕೊಂಚ ಇಳಿಸಿ, ರೇಡಿಯೊದಲ್ಲಿ ಹಾಡು ಹುಡುಕುವವನ ಹಾಗೆ ಮಷಿನ್‌ನ ಸದ್ದಿಗೆ ಕಿವಿಗೊಟ್ಟು ನಿಂತ. ಸ್ವಲ್ಪ ಹೊತ್ತಿಗೆ ತಿಳಿನೀಲಿ ಲೋಟವೊಂದು ಜಾರಿ ಬಿತ್ತು. ಗೆರೆಯಿಲ್ಲ, ಗುಳ್ಳೆಯಿಲ್ಲ. ಅದನ್ನು ಬೆಳಕಿಗೆ ಹಿಡಿದ. ಆ ನೀಲಿಯಾಚೆಯಿಂದ ಅವನ ಕಣ್ಣು ತನ್ನನ್ನೇ ನೋಡುತ್ತಿದೆ ಎಂದು ತ್ರಿವೇಣಿಗೆ ತಿಳಿಯಿತು.

"ನಾಳೆಯಿಂದ ಬರ್ರಿ," ಎಂದಳು ದನಿ ಬಿಗಿ ಮಾಡಿಕೊಂಡು.

ಅವನು ನಕ್ಕ. "ನಾ ಕೆಲಸ ಕೇಳಾಕ ಬಂದಿಲ್ರಿ. ಚನ್ನವೀರ ಅಂತ. ನಿಮ್ಮ ಕಾಂತಪ್ಪನ್ನ ನಮ್ಮ ಕಂಪನಿಗೆ ಕರಿಯಾಕ ಬಂದಿದ್ದೆ."

ಅವಳ ಮುಖ ಕೆಂಪಾಯಿತು. "ಅಂವಾ ಹೋದ್ರ ನಾ ಬಾಗಲಾ ಹಾಕೂದ. ಈ ಹನ್ನೆರಡು ಹೆಣ್ಮಕ್ಕಳು ಎಲ್ಲಿಗಿ ಹೋಗ್ಬೇಕು?"

ಪ್ಯಾಕಿಂಗ್ ಮೇಜಿನ ಸುತ್ತ ಕೂತಿದ್ದವರನ್ನು ಅವನು ಬಹಳ ಹೊತ್ತು ನೋಡಿದ. "ಕಾಂತಪ್ಪನ್ನ ಕರಿಯೂದಿಲ್ಲ. ಇವರಿಗೇ ಕಲಿಸ್ತೀನಿ. ನಿಮಗೂ. ರವಿವಾರ ನನಗ ಸೂಟಿ."

ಹಾಗೆ ರವಿವಾರಗಳು ಬಂದವು. ಪ್ಯಾಕಿಂಗ್ ಮೇಜಿನ ಭೀಮವ್ವ ಮೂರೇ ವಾರಕ್ಕೆ ಅಚ್ಚು ಬಿಗಿಯಲು ಕಲಿತಳು. ತ್ರಿವೇಣಿಯದು ನಿಧಾನ. ಸ್ಪ್ಯಾನರ್ ಕೊಡುವಾಗ ಅವನ ಬೆರಳು ತಾಗಿದರೆ ಕಲಿತದ್ದೆಲ್ಲ ಮರೆತುಹೋಗುತ್ತಿತ್ತು.

"ಲಕ್ಷ್ಯ ಎಲ್ಲಿ ಅದರಿ?"

"ಮಷಿನ್ ಮ್ಯಾಲ."

"ಮಷಿನ್ ಈ ಕಡೆ ಅದ."

ಶ್ರಾವಣದ ಒಂದು ಮಧ್ಯಾಹ್ನ ಅವಳೊಬ್ಬಳೇ ಅಚ್ಚು ಕೂರಿಸಿದಳು. ಚನ್ನವೀರ ಮೆಲ್ಲಗೆ ಕೈ ಒರೆಸಿಕೊಂಡ.

"ಇನ್ನ ನನ್ನ ಗರಜು ಇಲ್ಲ. ಕಂಪನಿಯವರು ಗುಜರಾತ್ ಕಡೆ ದಮನ್‌ದಾಗಿನ ಫ್ಯಾಕ್ಟರಿಗೆ ಹೋಗಂತಾರ. ಹೂಂ ಅನ್ನಬೇಕಂತ ಮಾಡೀನಿ."

ಹೊರಗೆ ಬಿಸಿಲು ಮಳೆ ಒಟ್ಟಿಗೇ ಬೀಳುತ್ತಿತ್ತು. ತ್ರಿವೇಣಿ ಮಷಿನ್ ನಿಲ್ಲಿಸಿದಳು.

"ಹೌದ್ರಿ, ಕೆಲಸಕ್ಕ ನೀವು ಬ್ಯಾಡ."

ಅವನ ಮುಖ ಬಾಡಿತು.

"ಕೆಲಸಕ್ಕ ಮಂದಿ ತಯಾರಾದ್ರು," ಎನ್ನುತ್ತ ಅವಳು ಸ್ಪ್ಯಾನರ್ ಕೆಳಗಿಟ್ಟಳು. "ಆದ್ರ ನಾ ಸೋಮವಾರದಿಂದ ರವಿವಾರದ ದಾರಿ ಕಾಯ್ತೀನಿ. ಅದಕ್ಕೇನು ಮಾಡ್ಲಿ?"

ಚನ್ನವೀರ ಹತ್ತಿರ ಬಂದ. ಬಳಿಕ ಅವಳ ಎಣ್ಣೆ ಮೆತ್ತಿದ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡ.

"ದಮನ್ ಭಾಳ ದೂರ ಅದರಿ," ಎಂದ. "ನಮ್ಮ ಲಗ್ನಕ್ಕ ನಿಮ್ಮ ಅವ್ವನ್ನ ಕೇಳಾಕ ಇವತ್ತ ಬರ್ಲೇನು?"