‘ಹ’ ಬಿಟ್ಟ ಹಾರ್ಟ್

"ಮೈ ಆರ್ಟ್ ಈಸ್ ಇನ್ ನರಸೀಪುರ, ಮೇಡಂ."

ನಂಜನಗೂಡಿನ ಮೊಬೈಲ್ ಅಂಗಡಿಯೊಂದರ ಮಹಡಿಯಲ್ಲಿ ಗಾನವಿ ನಡೆಸುತ್ತಿದ್ದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಬಂದ ಮೊದಲ ದಿನವೇ ಅವನು ಹೀಗಂದ. ಹೆಸರು ಮಹೇಂದ್ರ, ಅವನ ಬಾಯಲ್ಲಿ ಮಯೇಂದ್ರ. ಊರು ಸೋಸಲೆ. ಟಿ. ನರಸೀಪುರದಲ್ಲಿ ಬೋರ್ಡು ಬರೆಯುವ ಪುಟ್ಟ ಅಂಗಡಿ. ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ಬಣ್ಣ.

"ಆರ್ಟೋ, ಹಾರ್ಟೋ?" ಗಾನವಿ ಹುಬ್ಬು ಹಾರಿಸಿದಳು.

"ನಮ್ ಕಡೆ ಎರಡೂ ಒಂದೇ ಕಣ್ರೀ ಮೇಡಂ."

ಕ್ಲಾಸೆಲ್ಲ ನಕ್ಕಿತು. ಅವನೂ ನಕ್ಕ. ನಗುವಾಗ ಅವನು ಕಣ್ಣು ತಗ್ಗಿಸುತ್ತಾನೆ ಎಂಬುದನ್ನು ಗಾನವಿ ಗಮನಿಸಿದಳು. ಗಮನಿಸಿದ್ದಕ್ಕೆ ತನ್ನ ಮೇಲೇ ರೇಗಿಕೊಂಡಳು.

ಎರಡೂ ಪದಗಳನ್ನು ಬೋರ್ಡಿನ ಮೇಲೆ ಬರೆದಳು. "ಹಾರ್ಟು ನಮ್ಮ ಹೃದಯದ ನೆಂಟ. ಎರಡೂ ಬಹಳ ಹಿಂದೆ ಒಂದೇ ಮೂಲದಿಂದ ಹುಟ್ಟಿದವು. ಆರ್ಟ್ ಬಂದಿದ್ದು ಲ್ಯಾಟಿನ್‌ನಿಂದ. ಅದರ ಬೇರಲ್ಲಿರೋ ಅರ್ಥ ಜೋಡಿಸೋದು, ಒಂದಕ್ಕೊಂದು ಹೊಂದಿಸೋದು. ಕೇಳೋಕೆ ಒಂದೇ ಥರ, ಆದರೆ ಒಂದಕ್ಕೊಂದು ಸಂಬಂಧ ಇಲ್ಲ."

"ಜೋಡ್ಸೋಕೂ ಆರ್ಟ್ ಬೇಕಲ್ವಾ ಮೇಡಂ? ಸಂಬಂದ ಇಲ್ಲ ಅಂದ್ರೆ ಎಂಗೆ?"

ಯಾವ ಆರ್ಟ್ ಎಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ.

‘ಹ’ ಕಲಿಸಲು ಅವಳದೊಂದು ಉಪಾಯವಿತ್ತು. ಬಾಯಿಯ ಮುಂದೆ ಅಂಗೈ ಹಿಡಿದು ಹೇಳಬೇಕು, ಉಸಿರು ತಾಗಿದರೆ ‘ಹ’ ಬಂತು ಅಂತ ಲೆಕ್ಕ. ಎಲ್ಲರಿಗೂ ಬಂತು, ಮಹೇಂದ್ರನಿಗೆ ಬರಲಿಲ್ಲ. ಕ್ಲಾಸು ಮುಗಿದ ಒಂದು ಸಂಜೆ ಸಾಕಾಗಿ ಅವಳೇ ತನ್ನ ಅಂಗೈ ಹಿಡಿದಳು.

"ಹೇಳಿ."

"ಹ..."

ಬೆಚ್ಚಗೆ ತಾಗಿತು. ಮುಂದೆ ಏನು ಕಲಿಸಬೇಕೆಂಬುದೇ ಅವಳಿಗೆ ಮರೆತುಹೋಯಿತು.

"ಬಂತಾ ಮೇಡಂ?"

"ಇಲ್ಲ. ಇನ್ನೊಂದ್ಸಲ."

ಬಸ್ಸಿನಲ್ಲಿ ಮನೆಗೆ ಹೋಗುವಾಗ ಆ ಕೈಯಿಂದ ಕಂಬಿ ಹಿಡಿಯಲಿಲ್ಲ, ಹುಚ್ಚಿ.

ಕೋರ್ಸ್ ಮುಗಿಯಿತು. ಕೆಲವು ದಿನಗಳ ಮೇಲೆ ಅವನಿಂದ ಒಂದು ವಾಯ್ಸ್ ಮೆಸೇಜ್ ಬಂತು. "ಮೇಡಂ, ನನ್ ಆರ್ಟ್ ನಿಮ್ಗೇ ಕೊಡ್ಬೇಕು ಅಂದ್ಕಂಡಿವ್ನಿ. ಇಟ್ಕತೀರಾ?"

ಚಿತ್ರ ಬರೆದಿದ್ದಾನೆ! ಗಾನವಿ ಕುಣಿಯುವುದೊಂದು ಬಾಕಿ. ಆದರೆ ಮನೆಗೆ ಆಗ ಬಣ್ಣ ಬಳಿಯುತ್ತಿದ್ದರು, ಸಾಮಾನೆಲ್ಲ ನಡುಮನೆಯಲ್ಲಿ ರಾಶಿ ಬಿದ್ದಿತ್ತು. ಅವಸರದಲ್ಲಿ ಟೈಪ್ ಮಾಡಿದಳು: "ಈಗ ಬೇಡ ಮಹೇಂದ್ರ. ಇಟ್ಕೊಳ್ಳೋಕೆ ಜಾಗ ಇಲ್ಲ."

ಕೈಮುಗಿದ ಒಂದು ಇಮೋಜಿ ಬಂತು. ಆಮೇಲೆ ಏನೂ ಬರಲಿಲ್ಲ.

ಬಣ್ಣ ಒಣಗಿದ ಕೂಡಲೇ ಅವಳು ನಡುಮನೆಯ ಗೋಡೆಗೆ ಮೊಳೆ ಹೊಡೆಸಿದಳು. "ಒಸಾ ಗ್ವಾಡೆಗೆ ಯಾಕವ್ವ ಮೊಳೆ?" ಎಂದು ಅಮ್ಮ ಶಿವನಂಜಮ್ಮ ಗೊಣಗಿದರು. ಅವನೇ ತರಲಿ, ಟೀಚರ್ ಆದವಳು ಮೇಲೆ ಬಿದ್ದು ಕೇಳುವುದೇ ಎಂಬ ಬಿಂಕದಲ್ಲಿ ಅವಳು ಕಾದಳು. ಮೊಳೆಯೂ ಕಾಯಿತು. ಕೊನೆಗೆ ಬಿಂಕ ಸೋತು, ಕ್ಲಾಸಿಗೊಂದು ಬೋರ್ಡು ಬೇಕೆಂಬ ನೆಪ ಹೂಡಿ ನರಸೀಪುರದ ಬಸ್ಸು ಹತ್ತಿದಳು.

ಅವನು ಅಂಗಡಿಯ ಮುಂದೆ ಕೂತು ಬೋರ್ಡು ಬರೆಯುತ್ತಿದ್ದ. ಕೆಂಪು ಅಕ್ಷರದಲ್ಲಿ ಒಂದು ಕಡೆ ‘ಮಹೇಂದ್ರ’, ಇನ್ನೊಂದು ಕಡೆ ‘ಹೇಮಲತಾ’. ನಡುವೆ ಖಾಲಿ.

"ಬನ್ನಿ ಮೇಡಂ." ಅವನು ತಡಬಡಿಸಿ ಎದ್ದ. "ಮದ್ವೆ ಬೋರ್ಡು. ನಮ್ದೇಯ. ನಡುವೆ ಹಾರ್ಟ್ ಬರಿಯೋದೊಂದು ಬಾಕಿ."

ಹಾರ್ಟ್. ಸ್ಪಷ್ಟವಾದ, ತುಂಬು ಉಸಿರಿನ ‘ಹ’. ಗಾನವಿ ಆ ಎರಡು ಹೆಸರುಗಳನ್ನು ಇನ್ನೊಮ್ಮೆ ಓದಿದಳು.

"ನಿಮ್ಮ ಚಿತ್ರಕ್ಕೆ ಅಂತ ಗೋಡೆಗೆ ಮೊಳೆ ಹೊಡೆಸಿದ್ದೆ," ಎಂದಳು, ಹೇಗೋ ನಗುತ್ತ. "ನೀವು ಕೊಡಲೇ ಇಲ್ಲ."

"ಯಾವ ಚಿತ್ರ?"

"ಆರ್ಟ್ ಕೊಡ್ತೀನಿ ಅಂದಿದ್ರಲ್ಲ. ಬಣ್ಣ ಬಳೀತಿದ್ರು, ಮನೇಲಿ ಜಾಗ ಇರಲಿಲ್ಲ."

ಬ್ರಷ್ಷಿನ ಬಣ್ಣ ಅವನ ಪಾದದ ಮೇಲೆ ತೊಟ್ಟಿಕ್ಕಿತು. ಅವನು ಒರೆಸಿಕೊಳ್ಳಲಿಲ್ಲ.

"ನಾ ಯೋಳಿದ್ದು ಚಿತ್ರ ಅಲ್ಲ ಮೇಡಂ," ಎಂದ ಮೆಲ್ಲಗೆ. "ಜಾಗ ಇಲ್ಲ ಅಂದ್ರಿ... ಎದೇಲಿ ಅಂದ್ಕಂಡೆ. ಸರ್ಯಾಗಿ ಮಾತೂ ಆಡಕ್ ಬರ್ದವ್ನಿಗೆ ಆಸೆ ಯಾಕೆ ಅಂತ ಆಮ್ಯಾಕೆ ಅಂಗೈ ಇಟ್ಕಂಡು ದಿನಾ ಆ ‘ಹ’ ಕಲ್ತೆ."

ಆರ್ಟೋ, ಹಾರ್ಟೋ ಎಂದು ಮೊದಲ ದಿನವೇ ತಾನು ಕೇಳಿದ್ದ ಪ್ರಶ್ನೆಯನ್ನು ಬೇಕಾದಾಗ ಕೇಳಲಿಲ್ಲವಲ್ಲ ಎಂದು ಅವಳು ತನ್ನನ್ನೇ ಬೈದುಕೊಂಡಳು. ಇಬ್ಬರೂ ಆ ಖಾಲಿ ಜಾಗವನ್ನೇ ನೋಡಿದರು.

"ಏಮಲತಾ ಒಳ್ಳೆ ಉಡ್ಗಿ," ಅಂದ ಅವನು, ಕಣ್ಣು ತುಂಬಿ, ಕಲಿತ ‘ಹ’ ಮತ್ತೆ ಜಾರಿ. "ಉಂಗ್ರ ಆಕ್ಬುಟ್ಟಿವ್ನಿ. ಆಕೆದೇನು ತಪ್ಪು, ಯೋಳಿ?"

ಈ ಮದುವೆ ಬೇಡ ಎಂದು ತಾನು ಬಾಯಿ ಬಿಟ್ಟರೆ ಅವನು ಆ ಹುಡುಗಿಯ ಕೈ ಬಿಟ್ಟಾನು ಎಂಬ ಭಯ, ಬಿಡಲಿ ಎಂಬ ಆಸೆ, ಎರಡೂ ಒಟ್ಟಿಗೆ ಅವಳ ನಾಲಿಗೆಯ ತುದಿಗೆ ಬಂದವು. ಎರಡನ್ನೂ ನುಂಗಿಕೊಂಡಳು.

"ಚೆನ್ನಾಗಿ ಬರೀರಿ," ಅಂದಳು. "ಜೋಡಿಸೋದು ನಿಮ್ಮ ಕೆಲಸ ಅಲ್ವಾ."

ಅಂಗಡಿಯ ಎದುರಿಗೇ ನಂಜನಗೂಡಿನ ಬಸ್ಸು ಬಂತು. ಅವನು ಅಂಗೈಯನ್ನು ಬಾಯಿಯ ಹತ್ತಿರಕ್ಕೆ ತಂದು, ಒಂದು ಕ್ಷಣ ತಡೆದು, ಅವಳು ಕಲಿಸಿದ ಹಾಗೇ ಹೇಳಿದ.

"ಹೋಗ್ಬನ್ನಿ ಮೇಡಂ."

ಅವಳು ಬಸ್ಸಿನ ಮೆಟ್ಟಿಲ ಮೇಲೆ ನಿಂತು ತಿರುಗಿದಳು.

"ಓಗ್ಬತ್ತೀನಿ, ಮಯೇಂದ್ರ."