ಸಹಿ ಹಾಕದವನು

"ಹೊರಡೋಕೆ ಹನ್ನೆರಡೇ ದಿನ ಇದೆ. ಈಗ ಸಹಿ ಹಾಕಲ್ಲ ಅಂದ್ರೆ ಏನ್ರೀ ಅರ್ಥ?"

ಅವಳು ಬಾಗಿಲು ತಳ್ಳಿಕೊಂಡು ಬಂದ ರಭಸಕ್ಕೆ ಮೇಜಿನ ಮೇಲಿದ್ದ ಕಾಗದಗಳು ಹಾರಿದವು. ತೂಕವಿಲ್ಲದ ಜಾಗದಲ್ಲಿ ಬೆಂಕಿ ಹೇಗೆ ಉರಿಯುತ್ತದೆ ಎಂದು ಒಂಬತ್ತು ವರ್ಷ ತಲೆ ಕೆಡಿಸಿಕೊಂಡವಳು. ಅದಕ್ಕೇ ಎಲ್ಲರ ಬಾಯಲ್ಲಿ 'ಬೆಂಕಿ'. ಭೂಮಿಯನ್ನು ಸುತ್ತಲಿದ್ದ ಪ್ರಯೋಗಾಲಯದ ಜೊತೆ ಹೋಗುವ ಐವರಲ್ಲಿ ಅವಳೂ ಒಬ್ಬಳು.

ಎದುರಿಗಿದ್ದವನು ಅದರ ತಪಾಸಣೆಯ ಎಂಜಿನಿಯರ್; ಎಲ್ಲ ಸರಿಯಿದೆ ಎಂದು ಅವನು ಸಹಿ ಹಾಕದೆ ಅದು ಹಾರುವಂತಿಲ್ಲ. ಜೇಬಿನಲ್ಲಿ ಸದಾ ಟಾರ್ಚ್, ಅಡ್ಡಹೆಸರೂ ಅದೇ. ಎರಡು ವರ್ಷದಿಂದ ಅವಳನ್ನು ಕಂಡರೆ ಅವನ ಕಿವಿ ಕೆಂಪಾಗುತ್ತಿತ್ತು. ಅದನ್ನು ನೋಡಲೆಂದೇ ಅವಳು ಆ ದಾರಿಯಲ್ಲಿ ಸುಳಿಯುತ್ತಿದ್ದಳು. ಇಬ್ಬರಲ್ಲಿ ಬಾಯಿ ಬಿಟ್ಟವರು ಮಾತ್ರ ಯಾರೂ ಇಲ್ಲ.

"ನನ್ನ ಇಲ್ಲೇ ಉಳಿಸ್ಕೊಳ್ಳೋಕೆ ನೆಪ ಹುಡುಕ್ತಿದ್ದೀರಂತೆ. ಕ್ಯಾಂಟೀನ್ ತುಂಬ ಅದೇ ಮಾತು."

"ನೀವೇ ಬಂದು ನೋಡಿ."

ಅವಳು ಅವನ ಹಿಂದೆ ನಡೆದಳು. ಐವರು ಕೂರುವ ನೌಕೆಯಿಂದ ಪ್ರಯೋಗಾಲಯಕ್ಕೆ ದಾಟುವ ಬಾಗಿಲಿನ ಸುತ್ತ ರಬ್ಬರಿನ ಪಟ್ಟಿ. ಅವನು ಟಾರ್ಚನ್ನು ಓರೆಯಾಗಿ ಹಿಡಿದ. ಕೂದಲೆಳೆಯಂಥ ಬಿರುಕು ಹೊಳೆಯಿತು.

"ಗಾಳಿ ಸೋರೋದು ಇಲ್ಲಿಂದಾನೇ. ಆಗ ಒಳಗಿರೋರು ನೀವು."

ಅವಳ ಸಿಟ್ಟು ಜರ್ರನೆ ಇಳಿದು, ಮರುಕ್ಷಣವೇ ಬೇರೆ ಕಡೆ ತಿರುಗಿತು. ಇಬ್ಬರೂ ನೇರ ನಿರ್ದೇಶಕರ ಕೋಣೆಗೆ ನಡೆದರು.

"ದಿನಾಂಕ ಹೇಳಿಯಾಗಿದೆ ಕಣಮ್ಮಾ," ಎಂದರು ಅವರು. "ಇವನಲ್ಲದಿದ್ರೆ ಬೇರೆಯವರು ಸಹಿ ಹಾಕ್ತಾರೆ. ನೀನಲ್ಲದಿದ್ರೆ ಬೇರೆಯವರು ಹತ್ತುತ್ತಾರೆ."

"ಆ ಬೇರೆಯವರೂ ಉಸಿರಾಡ್ಬೇಕಲ್ಲ ಸರ್? ಆ ರಬ್ಬರ್ ಪಟ್ಟಿ ಬದಲಾಯಿಸೋವರೆಗೂ ನಾನು ಹತ್ತಲ್ಲ. ಉಳಿದ ನಾಲ್ವರಿಗೂ ಈಗ್ಲೇ ಹೇಳ್ತೀನಿ."

"ಕೆಲಸ ಹೋದ್ರೂ ಸರಿ, ನಾನೂ ಸಹಿ ಹಾಕಲ್ಲ," ಎಂದ ಅವನು.

ನಿರ್ದೇಶಕರು ಕನ್ನಡಕ ತೆಗೆದರು. "ನಿಮ್ಮಿಬ್ಬರ ಮಧ್ಯೆ ಏನು ನಡೀತಿದೆ?"

"ಏನೂ ಇಲ್ಲ ಸರ್. ಇವರು ಇನ್ನೂ ಕೇಳೇ ಇಲ್ಲ. ಕೇಳಿದ್ರೆ ಹೂಂ ಅಂತೀನಿ. ಬೇಕಾದ್ರೆ ಅದನ್ನೂ ಬರ್ಕೊಳ್ಳಿ."

ಕಾರಿಡಾರಿನಲ್ಲಿ ಅವನು ಓಡಿಬಂದ. ಕಿವಿಯಷ್ಟೇ ಅಲ್ಲ, ಮುಖವೆಲ್ಲ ಕೆಂಪು.

"ಈಗ ಕೇಳ್ಲಾ?"

"ಎರಡು ವರ್ಷ ಏನ್ ಮಾಡ್ತಿದ್ರಿ?"

"ತಪಾಸಣೆ."

ಅವಳು ಕಿಸಕ್ಕನೆ ನಕ್ಕುಬಿಟ್ಟಳು.

ಐವರೂ ಹತ್ತುವುದಿಲ್ಲ ಎಂದು ಪಟ್ಟು ಹಿಡಿದಾಗ ದಿನಾಂಕ ಒಂದು ತಿಂಗಳು ಮುಂದಕ್ಕೆ ಹೋಯಿತು. ರಬ್ಬರಿನ ಪಟ್ಟಿ ಬದಲಾಯಿತು. ಅವನನ್ನು ಮಾತ್ರ ಗೋದಾಮಿಗೆ ಎತ್ತಿಹಾಕಿದರು.

"ಮದುವೆ ಆಗೋ ಹುಡುಗಿ, ಆಕಾಶಕ್ಕೆ ಯಾಕೆ ಹೋಗ್ತೀಯೇ?" ಅಮ್ಮ ಫೋನಿನಲ್ಲಿ ಗೋಗರೆದಳು.

"ಬಂದು ಆಗ್ತೀನಮ್ಮಾ. ನಿನ್ನ ಅಳಿಯ ಎಲ್ಲಿಗೂ ಓಡಿ ಹೋಗಲ್ಲ."

ಹೊರಡುವ ಬೆಳಿಗ್ಗೆ, ರಾಕೆಟ್ಟಿನ ಬಳಿಗೆ ಒಯ್ಯುವ ಬಸ್ಸಿನ ಮುಂದೆ ಕಟ್ಟಿದ ಹಗ್ಗದಾಚೆ, ಗೋದಾಮಿನ ನೀಲಿ ಅಂಗಿಯಲ್ಲಿ ಅವನಿದ್ದ. ಹೊರಡುವವರಿಗೆ ಕಾಯಿಲೆ ಅಂಟೀತೆಂದು ಯಾರನ್ನೂ ಹತ್ತಿರ ಬಿಡುವಂತಿಲ್ಲ. ಪಕ್ಕದಲ್ಲೇ ನಿರ್ದೇಶಕರು ಮುಖ ಗಂಟಿಕ್ಕಿಕೊಂಡು ನಿಂತಿದ್ದರು.

"ಹೋಗ್ಬೇಡಿ ಅನ್ನಲ್ವಾ?" ಅವಳು ಎಲ್ಲರಿಗೂ ಕೇಳುವಂತೆ ಕೂಗಿದಳು.

"ಹೋಗು! ಸುತ್ತಿ ಸುತ್ತಿ ಸಾಕಾದ್ಮೇಲೆ ಬಾರೇ!"

ಇಷ್ಟು ದಿನ 'ನೀವು' ಎಂದವನು ಅಷ್ಟೂ ಜನರೆದುರು ಏಕವಚನಕ್ಕಿಳಿದಿದ್ದ. ಅವಳು ತಲೆಯೆತ್ತಿಕೊಂಡು ಬಸ್ಸು ಹತ್ತಿದಳು.