ಬಾಗಿಲಾಚೆಯ ವೆರಿ ಗುಡ್

ಬೀಗ ತೆಗೆದು ಬಾಗಿಲು ತಳ್ಳಿದವನು ಟೀಚರ್ ಮೈದುನ. ಅವನ ಹಿಂದೆ ನಿಂತಿದ್ದವಳು ನರ್ಸ್. ಒಳಗೆ ಕಣ್ಣು ಹಾಯಿಸಿದವಳೇ ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಓಡಿದಳು. ಮಣಿಕಟ್ಟು ಹಿಡಿದು ನಾಡಿ ನೋಡಿದಳು. ಆಮೇಲೆ ಆ ಕೈಯನ್ನು ಮೆಲ್ಲಗೆ ನೆಲದ ಮೇಲಿಟ್ಟಳು.

ಇಂಗ್ಲಿಷ್ ತರಬೇತಿ ಕೇಂದ್ರದ ಟೀಚರ್ ತಮ್ಮ ಮೇಜಿನ ಪಕ್ಕದಲ್ಲೇ ನೆಲಕ್ಕೆ ಬಿದ್ದಿದ್ದರು. ಕುತ್ತಿಗೆಗೆ ಹೆಡ್‌ಫೋನಿನ ತಂತಿ ಬಿಗಿದಿತ್ತು. ಒಂದು ಚಪ್ಪಲಿ ಕುರ್ಚಿಯ ಕೆಳಗಿತ್ತು, ಇನ್ನೊಂದು ಗೋಡೆಯ ಬಳಿ. ಜೀವ ಸುಲಭವಾಗಿ ಹೋಗಿರಲಿಲ್ಲ.

ಇನ್ಸ್‌ಪೆಕ್ಟರ್ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಹೆಣಗಳು ಅವಳಿಗೆ ಹೊಸದಲ್ಲ. ಆದರೆ ಎರಡು ವರ್ಷದ ಹಿಂದೆ, ಬಡ್ತಿಯ ಸಂದರ್ಶನಕ್ಕೆಂದು ಇಂಗ್ಲಿಷ್ ಕಲಿಯಲು ಅವಳು ಇದೇ ಕೋಣೆಯ ಮುಂದಿನ ಸಾಲಿನಲ್ಲಿ ಕೂತಿದ್ದಳು. ಕಳ್ಳಕಾಕರನ್ನು ನಡುಗಿಸುತ್ತಿದ್ದವಳು ಈ ಹೆಂಗಸಿನ ಮುಂದೆ ಬಾಯಿ ಬಿಡಲು ಹೆದರುತ್ತಿದ್ದಳು.

"ಮೇಡಂ, ಬಾಗಿಲು ಎಳೆದ್ರೆ ತಾನೇ ಬೀಗ ಬೀಳುತ್ತೆ," ಎಂದ ಹೆಡ್ ಕಾನ್‌ಸ್ಟೆಬಲ್. "ಕೀ ಇರೋದು ಇಬ್ಬರ ಹತ್ರ. ಟೀಚರ್, ಅವರ ಮೈದುನ."

"ಹಿಂದಿನ ಬಾಗಿಲು?"

"ಅದಕ್ಕೂ ಬೀಗ. ಬಳಸೋದೇ ಇಲ್ವಂತೆ."

*

ನರ್ಸ್ ಹೇಳಿದ್ದು ಇಷ್ಟು.

ವಿದೇಶದ ಆಸ್ಪತ್ರೆಯೊಂದಕ್ಕೆ ಹೋಗಲು ಅವಳು ಇಂಗ್ಲಿಷ್ ಪರೀಕ್ಷೆ ಕಟ್ಟಿದ್ದಳು. ಸಂಜೆಯ ಪಾಠಕ್ಕೆ ಸ್ವಲ್ಪ ಮೊದಲೇ ಬಂದು ಬಾಗಿಲು ತಟ್ಟಿದಳು. ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಟೀಚರ್ ದನಿ ಬಂತು. ಟೀ ಇಷ್ಟವೋ ಕಾಫಿ ಇಷ್ಟವೋ, ಇಂಗ್ಲಿಷಿನಲ್ಲಿ ಹೇಳು ಎಂದಿತು.

"ನಿಂಗೆ ವಿಚಿತ್ರ ಅನ್ನಿಸ್ಲಿಲ್ವಾ?"

"ಇಲ್ಲ ಮೇಡಂ. ಅವರು ಯಾವಾಗ್ಲೂ ಹಾಗೇ. ಉತ್ತರ ಹೇಳದೆ ಒಳಗೆ ಬಿಡ್ತಾನೇ ಇರ್ಲಿಲ್ಲ. ನಾನು ಹೊರಗೇ ನಿಂತು ಹೇಳ್ದೆ. ಅವರು 'ವೆರಿ ಗುಡ್' ಅಂದ್ರು." "ನಂಗೆ ಅವರು ವೆರಿ ಗುಡ್ ಅಂದಿದ್ದು ಅದೇ ಮೊದಲು."

ಬಸ್ಸೋ ರೈಲೋ ಎಂಬ ಇನ್ನೊಂದು ಪ್ರಶ್ನೆ. ಇನ್ನೊಂದು ವೆರಿ ಗುಡ್. ಅವಳು ಹಿಗ್ಗಿಹೋದಳು. ಅಮ್ಮನಿಗೆ ಫೋನ್ ಮಾಡಿ ಹೇಳಬೇಕೆಂದು ಬೀದಿಗಿಳಿದಳು. ಆಗಲೂ ಒಳಗೆ ಟೀಚರ್ ಮಾತಾಡುತ್ತಲೇ ಇದ್ದರು. ಇಳಿಯುವಾಗ ಕೆಳಗಿನ ಮಹಡಿಯ ದಂತವೈದ್ಯರ ಗಾಜಿನ ಬಾಗಿಲಾಚೆ ಮೈದುನ ಕೂತಿದ್ದು ಕಂಡಿತು. ಫೋನ್ ಮುಗಿಸಿ ಬಂದಾಗ ದನಿ ನಿಂತಿತ್ತು. ಟೈ ಮಾತ್ರ ದಡದಡನೆ ಮೆಟ್ಟಿಲಿಳಿದು ಹೋದ. ಎಷ್ಟು ತಟ್ಟಿದರೂ ಬಾಗಿಲು ತೆರೆಯದಾಗ ಅವಳು ಕೆಳಗಿನಿಂದ ಮೈದುನನನ್ನು ಕರೆತಂದಳು.

"ಟೈ ಯಾರು?"

"ನಮ್ಮ ಕ್ಲಾಸಿನವ್ರು, ಅವ್ರೂ ನರ್ಸೇ. ಎಷ್ಟೇ ಸೆಖೆ ಇರ್ಲಿ, ಟೈ ಬಿಚ್ಚಲ್ಲ. ಮೊನ್ನೆ ಟೀಚರ್ ಮೇಲೆ ಕೂಗಾಡಿದ್ರು."

*

ಟೈಯನ್ನು ಅವನ ಅಕ್ಕನ ಮನೆಯಿಂದ ಎಳೆದುಕೊಂಡು ಬಂದರು. ಮುಖ ಬಿಳುಚಿತ್ತು, ಟೈ ಮಾತ್ರ ನೆಟ್ಟಗಿತ್ತು.

"ಹೋಗಿದ್ದೆ, ಇಲ್ಲ ಅನ್ನಲ್ಲ. ಬಾಗಿಲು ಬಡಿದೆ, ಬೈದೆ, ವಾಪಸ್ ಬಂದೆ. ಅಷ್ಟೇ."

"ಯಾಕೆ ಬೈದೆ?"

"ಪಾಸ್ ಮಾಡಿಸ್ತೀನಿ ಅಂತ ಅವರ ಮೈದುನ ಮಾತು ಕೊಟ್ಟಿದ್ರು. ಸ್ಪೀಕಿಂಗ್ ಟೆಸ್ಟಿಗೆ ನನ್ನ ಬದಲು ಬೇರೆಯವರನ್ನ ಕೂರಿಸ್ತೀನಿ ಅಂದಿದ್ರು. ಆಯಮ್ಮ ಅಡ್ಡ ಬಂದ್ರು. ರೋಗಿ ಹೇಳಿದ್ದು ತಲೆಗೆ ಹತ್ತದೇ ಇರೋರನ್ನ ಆಸ್ಪತ್ರೆಗೆ ಕಳಿಸಿದ್ರೆ ಹೆಣ ಬೀಳುತ್ತೆ ಅಂದ್ರು."

ಹೆಡ್ ಕಾನ್‌ಸ್ಟೆಬಲ್ ಮೀಸೆ ತಿರುವಿದ. ಅವನ ಲೆಕ್ಕದಲ್ಲಿ ಕೇಸು ಮುಗಿದಿತ್ತು. ನರ್ಸ್ ಕೆಳಗಿಳಿದಾಗ ಟೀಚರ್ ಬದುಕಿದ್ದರು. ಅವಳು ವಾಪಸ್ ಬಂದಾಗ ಟೈ ಓಡುತ್ತಿದ್ದ. ನಡುವೆ ಇನ್ಯಾರೂ ಇಲ್ಲ.

ಇನ್ಸ್‌ಪೆಕ್ಟರ್‌ಗೆ ಮಾತ್ರ ಎಲ್ಲೋ ಮುಳ್ಳು ಚುಚ್ಚುತ್ತಿತ್ತು. ನರ್ಸನ್ನು ಮತ್ತೆ ಕರೆಸಿದಳು.

"ಟೀ, ಕಾಫಿ ಅಂದಾಗ ನೀನು ಏನಂದೆ? ಹಾಗೇ ಹೇಳು."

ನರ್ಸ್ ನಾಚುತ್ತಲೇ ಹೇಳಿದಳು. "ಐ ಪ್ರಿಫರ್ ಟೀ ದ್ಯಾನ್ ಕಾಫಿ."

ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಪೆನ್ನು ನಿಂತಿತು.

"ದ್ಯಾನ್ ಅಂದ್ಯಾ? ಟು ಅನ್ಲಿಲ್ವಾ?"

"ದ್ಯಾನ್ ಅಂತಾನೇ ಅಂದೆ. ಕಾಫಿಗಿಂತ ಟೀ ಇಷ್ಟ ಅಂತ ಅಲ್ವಾ?"

"ಅದಕ್ಕೆ ಅವರು ವೆರಿ ಗುಡ್ ಅಂದ್ರಾ?"

"ಹೂಂ."

"ಈ ಉತ್ತರ ಬೇರೆ ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಮೇಡಂ. ಅಮ್ಮನಿಗೂ ವೆರಿ ಗುಡ್ ಅಂದ್ರು ಅಂತಷ್ಟೇ ಹೇಳ್ದೆ. ಅವಳಿಗೆ ಇಂಗ್ಲಿಷ್ ಬರಲ್ಲ."

*

ಫಾಂಡ್ ಬಂದರೆ ಆಫ್, ಕೀನ್ ಬಂದರೆ ಆನ್, ಪ್ರಿಫರ್ ಬಂದರೆ ಟು. ಇನ್ಸ್‌ಪೆಕ್ಟರ್ ಆ ತರಗತಿಯಲ್ಲಿ ಇದನ್ನು ನಿದ್ದೆಯಲ್ಲೂ ಒದರುವಷ್ಟು ಕಲಿತಿದ್ದಳು. ಕನ್ನಡದ 'ಗಿಂತ' ನಾಲಿಗೆಗೆ ಅಂಟಿಕೊಂಡು ಬಂದು ಯಾರಾದರೂ ದ್ಯಾನ್ ಎಂದರೆ ಟೀಚರ್ ವಾಕ್ಯವನ್ನು ಮುಗಿಸಲೂ ಬಿಡುತ್ತಿರಲಿಲ್ಲ. ಒಮ್ಮೆ ಒಬ್ಬ, ತನ್ನ ತಂದೆ ಆಸ್ಪತ್ರೆಗಿಂತ ಮನೆಯಲ್ಲೇ ಸಾಯಲು ಬಯಸುತ್ತಿದ್ದಾರೆ, ರಜೆ ಬೇಕು ಎಂದು ಅಳುತ್ತಲೇ ಇಂಗ್ಲಿಷಿನಲ್ಲಿ ಕೇಳಿದ್ದ. ಟೀಚರ್ ಮೊದಲು ಆ ದ್ಯಾನ್ ತಿದ್ದಿಸಿದರು. ಆಮೇಲೆ ತಮ್ಮ ಕಾರಿನಲ್ಲೇ ಅವನನ್ನು ಮನೆಗೆ ಬಿಟ್ಟು ಬಂದರು.

ಅಂಥವರು ವೆರಿ ಗುಡ್ ಅಂದರು ಎಂದರೆ ಅವರ ಕಿವಿಗೆ ಆ ಉತ್ತರ ಬಿದ್ದೇ ಇರಲಿಲ್ಲ.

ಇನ್ಸ್‌ಪೆಕ್ಟರ್ ಟೀಚರ್ ಮೇಜಿನ ಕಂಪ್ಯೂಟರ್ ಹಚ್ಚಿದಳು. ಪರದೆಯ ಮೇಲೆ ಟೀಚರ್ ಕೊನೆಗೆ ತೆರೆದ, ರೆಕಾರ್ಡ್ ಮಾಡಿಟ್ಟ ಪಾಠ ಹಾಗೇ ಇತ್ತು. ಶುರು ಮಾಡಿದಳು. ಹೆಡ್‌ಫೋನು ಕಿತ್ತು ಬಂದಿದ್ದರಿಂದ ಸದ್ದು ಗೋಡೆಯ ಸ್ಪೀಕರಿನಿಂದ ಹೊರಟಿತು.

ಟೀಯೋ, ಕಾಫಿಯೋ? ವಿದ್ಯಾರ್ಥಿ ಉತ್ತರಿಸಲೆಂದು ಒಂದಿಷ್ಟು ಮೌನ. ಆಮೇಲೆ ಟೀಚರ್ ದನಿ: "ವೆರಿ ಗುಡ್."

ಹೆಡ್ ಕಾನ್‌ಸ್ಟೆಬಲ್ ಬೆಚ್ಚಿಬಿದ್ದು ಹಿಂದೆ ಸರಿದ. ಸತ್ತವರು ನಿಧಾನವಾಗಿ, ಸ್ಪಷ್ಟವಾಗಿ, ಬಸ್ಸೋ ರೈಲೋ ಎಂದು ಕೇಳುತ್ತಿದ್ದರು.

*

ಮೈದುನ ಆಫೀಸಿನ ಕುರ್ಚಿಯಲ್ಲಿ ಸೋತವನಂತೆ ಕೂತಿದ್ದ. ಕಣ್ಣು ಕೆಂಪಾಗಿತ್ತು.

"ಅಣ್ಣ ಹೋದ್ಮೇಲೆ ಈ ಕೇಂದ್ರವನ್ನ ನಾವಿಬ್ರೇ ನಡೆಸಿದ್ದು. ಅತ್ತಿಗೆ ನಂಗೆ ತಾಯಿ ಇದ್ದ ಹಾಗೆ."

"ಗೊತ್ತು ಸರ್. ಇದೊಂದು ಬರ್ಕೊಂಡ್ರೆ ಮುಗೀತು." ಇನ್ಸ್‌ಪೆಕ್ಟರ್ ಹೆಡ್ ಕಾನ್‌ಸ್ಟೆಬಲ್ ಕಡೆ ತಿರುಗಿದಳು. "ಬರ್ಕೊಳ್ರಿ. ನರ್ಸ್ ಬಂದಾಗ ಟೀಚರ್ ಬದುಕಿದ್ರು, ಅವಳ ಜೊತೆ ಮಾತಾಡಿದ್ರು. ಅವಳು ಹೊರಗಿನಿಂದ 'ಐ ಪ್ರಿಫರ್ ಟೀ ಟು ಕಾಫಿ' ಅಂತ..."

"ಟು ಅಲ್ಲ, ದ್ಯಾನ್," ಎಂದ ಮೈದುನ. "ಅವಳು ಹೇಳಿದ್ದು ದ್ಯಾನ್. ಹೇಳಿಕೆ ಸರಿಯಾಗಿರ್ಲಿ, ಆಮೇಲೆ ಕೋರ್ಟಲ್ಲಿ ಎಡವಟ್ಟಾಗಬಾರದು."

ಹೆಡ್ ಕಾನ್‌ಸ್ಟೆಬಲ್ ಬರೆಯುವುದನ್ನು ಬಿಟ್ಟು ತಲೆ ಎತ್ತಿದ.

"ನಿಮಗೆ ಹೇಗೆ ಗೊತ್ತು?" ಇನ್ಸ್‌ಪೆಕ್ಟರ್ ಮೆಲ್ಲಗೆ ಕೇಳಿದಳು.

"ಅವಳೇ ಹೇಳಿದ್ಲು."

"ಅವಳು ನನಗೊಬ್ಬಳಿಗೇ ಹೇಳಿದ್ದು. ಅದು ಕೇಳಿಸಬೇಕಾದ್ರೆ ಬಾಗಿಲಿನ ಹೊರಗೆ ಅವಳ ಪಕ್ಕ ನಿಂತಿರಬೇಕು, ಇಲ್ಲಾ ಒಳಗಿರಬೇಕು. ಹೊರಗೆ ಅವಳ ಬಿಟ್ಟು ಯಾರೂ ಇರ್ಲಿಲ್ಲ."

ಅವನು ಏಳಲು ನೋಡಿದ. ಹೆಡ್ ಕಾನ್‌ಸ್ಟೆಬಲ್ ಬಾಗಿಲಿಗೆ ಅಡ್ಡ ನಿಂತ.

"ನಿಮ್ಮ ಅತ್ತಿಗೆ ಪಾಠ ಸರಿಯಾಗಿ ರೆಕಾರ್ಡ್ ಆಗಿದೆಯಾ ಅಂತ ಹೆಡ್‌ಫೋನ್ ಹಾಕ್ಕೊಂಡು ಕೇಳ್ತಿದ್ರು. ನೀವು ಹಿಂದಿನಿಂದ ಅದರ ತಂತಿನೇ ಹಿಡಿದು ಬಿಗಿದ್ರಿ. ಕಂಪ್ಯೂಟರಿನಿಂದ ತಂತಿ ಕಿತ್ತು ಬಂತು, ಪಾಠ ಸ್ಪೀಕರಿನಲ್ಲಿ ಶುರುವಾಯ್ತು. ಅಷ್ಟರಲ್ಲಿ ಅವಳು ಬಾಗಿಲು ತಟ್ಟಿದಳು. ಪ್ರಶ್ನೆ ತನಗೇ ಅಂತ ತಿಳ್ಕೊಂಡು ಉತ್ತರ ಕೊಟ್ಟಳು. ನೀವು ನಿಮ್ಮ ಕೀ ಹಾಕಿ ಹಿಂದಿನ ಬಾಗಿಲಿಂದ ಇಳಿದು, ಮತ್ತೆ ಬೀಗ ಹಾಕಿ ದಂತವೈದ್ಯರ ಹತ್ರ ಕೂತ್ರಿ. ಹಲ್ಲು ನೋವು ಅಂದ್ರಂತೆ. ಹಲ್ಲು ಗಟ್ಟಿಯಾಗಿದೆ ಅಂತಾರೆ ಅವರು. ಎಲ್ಲಿ, ಕೈ ತೋರ್ಸಿ."

ಅವನು ತೋರಿಸಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಹಿಡಿದು ಬಿಡಿಸಿದ. ಎರಡೂ ಅಂಗೈಗಳಲ್ಲಿ ತಂತಿ ಕೊರೆದ ಕೆಂಪು ಗೆರೆ ಬಾತುಕೊಂಡಿತ್ತು.

"ಬೆಳಗಾದ್ರೆ ಪರೀಕ್ಷಾ ಮಂಡಳಿಗೆ ಹೇಳ್ತೀನಿ ಅಂದ್ರು," ಎಂದ ಮೈದುನ ಕೊನೆಗೆ. "ಕಾಲಿಗೆ ಬಿದ್ದೆ. ಮುಖ ತಿರುಗಿಸಿ ಹೆಡ್‌ಫೋನ್ ಹಾಕ್ಕೊಂಡ್ರು."

*

ನರ್ಸಿಗೆ ಎಲ್ಲವನ್ನೂ ಹೇಳಲೇಬೇಕಿತ್ತು. ಸಾಕ್ಷಿ ಹೇಳಬೇಕಾದವಳು ಅವಳು.

ಅವಳು ಠಾಣೆಯ ಬೆಂಚಿನ ಮೇಲೆ ಕೂತು ಕೇಳಿದಳು.

"ಹಾಗಾದ್ರೆ ನಾನು ಹೇಳಿದ್ದು ತಪ್ಪಾ?"

"ತಪ್ಪು. ಆ ತಪ್ಪಿನಿಂದಾನೇ ಅವನು ಸಿಕ್ಕಿದ್ದು."

ಅವಳಿಗೆ ಆ ಸಮಾಧಾನ ಬೇಕಿರಲಿಲ್ಲ. "ನಾನು ಬಾಗಿಲು ತಟ್ಟಿದಾಗ ಟೀಚರಿಗೆ ಜೀವ ಇತ್ತಾ?"

"ಗೊತ್ತಿಲ್ಲಮ್ಮ. ಡಾಕ್ಟರಿಗೂ ಹೇಳಕ್ಕಾಗ್ತಿಲ್ಲ."

"ಉಸಿರು ನಿಂತ್ರೂ ಕೆಲವು ನಿಮಿಷ ಇರುತ್ತೆ ಮೇಡಂ. ಎದೆ ಒತ್ತಿ ಉಳಿಸಬಹುದು. ನಾನು ಎಷ್ಟೋ ಜನರಿಗೆ ಮಾಡಿದೀನಿ."

"ಬಾಗಿಲಿಗೆ ಬೀಗ ಬಿದ್ದಿತ್ತು. ಒಳಗೆ ಅವನಿದ್ದ."

ನರ್ಸ್ ತಲೆಯಾಡಿಸಿದಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಡ್ಯೂಟಿಗೆ ಹೊತ್ತಾಯಿತೆಂದು ಎದ್ದಳು. ಇನ್ಸ್‌ಪೆಕ್ಟರ್ ಬೀದಿಯ ತನಕ ಅವಳ ಜೊತೆ ನಡೆದಳು. ಆಸ್ಪತ್ರೆಯ ಬಸ್ಸು ಬರುವವರೆಗೆ ಇಬ್ಬರೂ ಅಲ್ಲೇ ನಿಂತರು.